ಬಾಲ್ ಸ್ಕ್ರೂಗೆ ಹಚ್ಚಿದ ಕುಂಕುಮ

ಇವತ್ತು ಬೆಳಿಗ್ಗೆ ಅಂಗಡಿಯ ಮಷಿನ್ನಿಗೆ ಬ್ರಷ್ ಹೊಡೆಯುವಾಗ ಉದ್ದಕ್ಕೂ ಹಲ್ಲು ಕೊರೆದ ಉಕ್ಕಿನ ಹಲ್ಲುಪಟ್ಟಿಯ ಸಂದಿಯಿಂದ ಸಾಗವಾನಿ ಹೊಟ್ಟಿನ ಜೊತೆ ಚೂರು ಕೆಂಪು ಪುಡಿಯೂ ಉದುರಿತು. ಮೂಗಿನ ಹತ್ತಿರ ಹಿಡಿದರೆ ಕುಂಕುಮದ ವಾಸನೆ. ನಗು ತಡೆಯಲಾಗಲಿಲ್ಲ. ನಾನೊಬ್ಬನೇ ನಿಂತು ನಗುವುದನ್ನು ಕಂಡ ನನ್ನ ಹೆಂಡತಿ ಗಿರಿಜಾ, “ಏನ್ರೀ, ಮುಂಜಾನೆ ಮುಂಜಾನೆ ಹುಚ್ಚ ಹಿಡೀತೇನು?” ಎಂದಳು. ಹುಚ್ಚು ಹಿಡಿದದ್ದು ಇವತ್ತಲ್ಲ ಮಾರಾಯರೇ, ಮೂರು ವರ್ಷದ ಹಿಂದೆ. ಕುಳಿತುಕೊಳ್ಳಿ, ಹೇಳುತ್ತೇನೆ. ಸ್ವಲ್ಪ ಸುತ್ತಿ ಬಳಸಿ ಹೇಳುವುದು ನನ್ನ ಚಾಳಿ, ಸಹಿಸಿಕೊಳ್ಳಬೇಕು.

ನಾನು ಲಕ್ಷ್ಮೇಶ್ವರದ ಬಡಿಗ. ಮಂಚ, ಮೇಜು ಮಾಡುತ್ತೇನಾದರೂ ಹೆಸರು ತಂದದ್ದು ತಲಬಾಗಿಲಿನ ಕೆತ್ತನೆ. ಶಿರಹಟ್ಟಿ, ಅಡರಕಟ್ಟಿ, ಅತ್ತ ಮುಂಡರಗಿಯ ತನಕ ನನ್ನ ಬಾಗಿಲುಗಳಿವೆ. ಬಸ್ಸಿನಲ್ಲಿ ಹೋಗುವಾಗ ಅಂಥದ್ದೊಂದು ಮನೆ ಬಂದರೆ ಪಕ್ಕದಲ್ಲಿ ಕುಳಿತ ಗುರುತಿಲ್ಲದವರನ್ನೂ ಬಿಡುತ್ತಿರಲಿಲ್ಲ. “ಅಲ್ನೋಡ್ರಿ, ಆ ಬಾಗಲಾ ನಾನು ಕೆತ್ತಿದ್ದು” ಎನ್ನುತ್ತಿದ್ದೆ. ಅವರು ಪಾಪ, ಕುತ್ತಿಗೆ ಹೊರಳಿಸಿ ನೋಡುವಷ್ಟರಲ್ಲಿ ಬಸ್ಸು ಮುಂದೆ ಹೋಗಿರುತ್ತಿತ್ತು.

ಆ ಜಂಬಕ್ಕೆ ಕಡಿವಾಣ ಬಿದ್ದದ್ದು ಮುಂಡರಗಿ ರಸ್ತೆಯಲ್ಲಿ. ಬೈಕು ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಎಲುಬು ಕೂಡಿತು, ಕಸುವು ಮರಳಲಿಲ್ಲ. ಚಹಾದ ಲೋಟ ಹಿಡಿಯಬಹುದು, ಪೆನ್ನು ಹಿಡಿಯಬಹುದು. ಕೊಡತಿ ಎತ್ತಿ ಉಳಿಯ ತಲೆಗೆ ಒಂದು ಏಟು ಹಾಕಿದರೆ ಮೊಣಕೈವರೆಗೆ ಮಿಂಚು ಹೊಡೆದಂತಾಗುತ್ತದೆ. ಉಳಿಗಳನ್ನೆಲ್ಲ ಗೋಣಿತಟ್ಟಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ. ಬಾಗಿಲು ಕೇಳಿಕೊಂಡು ಬಂದವರನ್ನು ವಾಪಸು ಕಳಿಸಿದೆ. ಅಡರಕಟ್ಟಿಯ ಹಿರಿಯರೊಬ್ಬರು ಹೊರಡುವಾಗ “ಪಾಪ, ಎಂಥಾ ಕೈ ಇತ್ತು” ಎಂದರು. ಇದ್ದದ್ದು, ಈಗ ಇಲ್ಲದ್ದು. ಕೆತ್ತುವುದು ಬಿಟ್ಟರೆ ನಾನು ಯಾರು ಎನ್ನುವುದೇ ನನಗೆ ತಿಳಿಯುತ್ತಿರಲಿಲ್ಲ.

ಕೈಗೆ ಕೆಲಸವಿಲ್ಲದವನ ಕೈಗೆ ಮೊಬೈಲು ಬರುತ್ತದೆ. ಅದರಲ್ಲಿ ಸಿಎನ್‌ಸಿ ಎಂಬ ಮಾಯೆ ಕಂಡೆ. ಮೇಜಿನ ಮೇಲೆ ಹಲಗೆ ಬಿಗಿದು, ಕಂಪ್ಯೂಟರಿನಲ್ಲಿ ಚಿತ್ರ ಹಾಕಿಕೊಟ್ಟರೆ, ಗಿರ್ರನೆ ತಿರುಗುವ ‘ಬಿಟ್’ ಎಂಬ ಕೊರೆಯುವ ಕಡ್ಡಿ ಆಚೀಚೆ ಓಡಾಡಿ ಹೂಬಳ್ಳಿ ಕೆತ್ತಿ ಮುಗಿಸುತ್ತದೆ. ಮನೆಯಲ್ಲೇ ಅಂಥದ್ದು ಕಟ್ಟಿಕೊಂಡವರ ವಿಡಿಯೋ ನೂರಾರು. ನಾನೂ ಕಬ್ಬಿಣದ ಚೌಕ ಪೈಪು ವೆಲ್ಡಿಂಗ್ ಮಾಡಿಸಿ ಎಂಟು ಫೂಟಿನ ಮೇಜು ನಿಲ್ಲಿಸಿದೆ. ಮೋಟಾರು, ವೈರು ಪಾರ್ಸಲ್ಲಿನಲ್ಲಿ ಬಂದವು. ಆಮೇಲೆ ಒಂದೇ ಪ್ರಶ್ನೆಯಲ್ಲಿ ಹೂತುಹೋದೆ: ಮೋಟಾರು ತಿರುಗುತ್ತದೆ ಸರಿ, ಆ ತಿರುಗುವಿಕೆಯನ್ನು ನೆಟ್ಟಗೆ ಓಡುವ ಓಟವಾಗಿ ಮಾಡುವುದು ಯಾವುದು? ಬೆಲ್ಟೋ, ಸ್ಕ್ರೂವಿನಂತೆ ಸುರುಳಿ ಆಟೆ ಕೊರೆದ ಸಾದಾ ರಾಡೋ, ಬಾಲ್ ಸ್ಕ್ರೂವೋ, ಹಲ್ಲುಪಟ್ಟಿಯ ಮೇಲೆ ಹಲ್ಲಿನ ಗಾಲಿಯೋ? ಊಟಕ್ಕೆ ಕುಳಿತರೂ ಅದೇ ಮಾತು. ಬೆಲ್ಟು ಜಗ್ಗುತ್ತದಂತೆ, ಸಾದಾ ರಾಡು ನಿಧಾನವಂತೆ, ಸವೆದರೆ ಸಡಿಲವಂತೆ. ರೊಟ್ಟಿ ಬಡಿಸುತ್ತಿದ್ದ ಗಿರಿಜಾ ಒಂದು ದಿನ, “ನನಗ ವರಾ ನೋಡುವಾಗ ಸುದ್ದಾ ನಮ್ಮಪ್ಪ ಇಷ್ಟು ವಿಚಾರ ಮಾಡಿದ್ದಿಲ್ಲ ನೋಡ್ರಿ” ಎಂದಳು. ಮಾಡಿದ್ದರೆ ನಾನು ಸಿಗುತ್ತಿರಲಿಲ್ಲ ಎನ್ನುವುದು ಅವಳು ಬಾಯಿಬಿಟ್ಟು ಹೇಳದ ಮಾತು.

ಕಡೆಗೆ ನಾನು ಆರಿಸಿದ್ದು ಬಾಲ್ ಸ್ಕ್ರೂ. ಕಾರಣ ಕೇಳಿದರೆ ನಾಚಿಕೆಯಾಗುತ್ತದೆ: ಥಳಥಳ ಹೊಳೆಯುತ್ತಿತ್ತು. ಅದೂ ಆಟೆಯ ರಾಡೇ, ಆದರೆ ಅದರ ಮೇಲೆ ಓಡುವ ನಟ್ಟಿನೊಳಗೆ ಸಾಸಿವೆಗಿಂತ ತುಸು ದೊಡ್ಡ ಉಕ್ಕಿನ ಗುಂಡುಗಳು ಉರುಳುತ್ತವೆ, ಹಾಗಾಗಿ ಬೆಣ್ಣೆಯಂತೆ ಸರಿಯುತ್ತದೆ. ಎಂಟು ಫೂಟು ಉದ್ದದ್ದು ತರಿಸಿ ಕೂಡಿಸಿದೆ. ಜೋರಾಗಿ ಓಡಿಸಿದರೆ ನಡುವೆ ರಾಡು ಹುಡುಗಿಯರು ಜಿಗಿಯುವ ಹಗ್ಗದಂತೆ ತೂಗಾಡುತ್ತಿತ್ತು. ನೋಡಿಯೂ ನೋಡದವನಂತೆ ನಿಧಾನ ಓಡಿಸಿದೆ. ಎಲ್ಲ ಮುಗಿದದ್ದು ಖಂಡೇನವಮಿಯ ದಿನ. ಬಡಿಗನಾದವನು ಅವತ್ತು ಹತಾರಗಳಿಗೆ ಪೂಜೆ ಮಾಡದೆ ಇರುತ್ತಾನೆಯೇ? ಸುರುವಾತಿನ ಪೂಜೆ ಬೇರೆ! ಕೈ ಬಿಚ್ಚಿ ಮಾಡಿದೆ. ಅರಿಷಿಣ ಕಲಸಿ ರಾಡಿನ ಉದ್ದಕ್ಕೂ ಗೇಣಿಗೊಂದು ಬೊಟ್ಟು, ಅದರ ಮೇಲೆ ಕುಂಕುಮ, ಅಕ್ಷತೆ, ತೆಂಗಿನಕಾಯಿ ಒಡೆದು ಆ ನೀರಿನದೊಂದು ಪ್ರೋಕ್ಷಣೆ. ಆಮೇಲೆ ಭಕ್ತಿಯಿಂದ ಗುಂಡಿ ಒತ್ತಿ ಈ ತುದಿಯಿಂದ ಆ ತುದಿಗೆ ಒಂದು ಸಲ ಓಡಿಸಿದೆ.

ಮರುದಿನ ಗುಂಡಿ ಒತ್ತಿದರೆ ಕಿರ್ರ್ ಎಂದು ನಿಂತಿತು. ಸುತ್ತಿಗೆಯಿಂದ ತಟ್ಟಿದರೂ ಅಲ್ಲಾಡಲಿಲ್ಲ. ನಾನು ಅಲ್ಲೇ ಹೊಟ್ಟಿನ ಮೇಲೆ ಕುಳಿತು ಅತ್ತೆ. ಕೈ ಹೋಯಿತು, ಕೈಗೆ ಬದಲು ಕಟ್ಟಿದ್ದೂ ಹೋಯಿತು ಎಂದು ಅತ್ತೆ. ಗಿರಿಜಾ ನನ್ನ ತೋಳು ಹಿಡಿದೆತ್ತಿ, “ಏಳ್ರಿ. ಬೆಟಗೇರ್ಯಾಗ ನಮ್ಮ ತವರಮನಿ ಓಣ್ಯಾಗ ರಹಿಮಾನ್‌ಸಾಬ್ ಚಾಚಾ ಅದಾರ. ಗದಗಿನ ಪ್ರೆಸ್ ಮಷಿನ್ನೆಲ್ಲಾ ಅವರ ಕೈಯಾಗ ರಿಪೇರಿ ಆದಾವು. ಹೋಗಿ ತೋರಸ್ರಿ” ಎಂದಳು.

ನಟ್ಟು ಕಚ್ಚಿಕೊಂಡಿದ್ದ ಎಂಟು ಫೂಟಿನ ರಾಡನ್ನು ಬಸ್ಸಿನಲ್ಲಿ ಅಡ್ಡಡ್ಡ ಇಟ್ಟುಕೊಂಡು ಬೆಟಗೇರಿಗೆ ಹೋದೆ. ಕಂಡಕ್ಟರು “ಮಗ್ಗದ ಸಾಮಾನೇನ್ರಿ?” ಎಂದು ಕೇಳಿದ. ಹೌದು ಎಂದುಬಿಟ್ಟೆ, ಖರೆ ಹೇಳಲು ಮುಖವಿರಲಿಲ್ಲ. ರಹಿಮಾನ್‌ಸಾಬರು ಕನ್ನಡಕದ ಒಂದು ಕಡ್ಡಿಗೆ ದಾರ ಕಟ್ಟಿಕೊಂಡ ಸಣಕಲು ಮುದುಕರು. ತಾಟಿನಲ್ಲಿ ಸೀಮೆಎಣ್ಣೆ ಸುರಿದು ನಟ್ಟು ಬಿಚ್ಚಿದರು. ಗುಂಡುಗಳು ಹಳದಿಯಾಗಿ ಉದುರಿದವು. ಅವುಗಳ ನಡುವೆ ಚಪ್ಪಟೆಯಾದ ಒಂದು ಅಕ್ಕಿಕಾಳು. ಅದನ್ನು ಬೆರಳ ತುದಿಯಲ್ಲಿ ಎತ್ತಿ ಹಿಡಿದು, “ಮಷಿನ್‌ದಾಗ ಅನ್ನಾ ಮಾಡಾಕಿಟ್ಟಿದ್ದೇನಪಾ?” ಎಂದರು.

ತಲೆ ತಗ್ಗಿಸಿ ಎಲ್ಲ ಹೇಳಿದೆ. ಕೈಯ ವಿಷಯವನ್ನೂ ಹೇಳಿದೆ. ಅವರು ಮತ್ತೆ ಚೇಷ್ಟೆ ಮಾಡಲಿಲ್ಲ.

“ಎಷ್ಟುದ್ದ ಓಡಬೇಕು?”

“ಎಂಟು ಫೂಟ್ರಿ ಚಾಚಾ.”

“ಹೊಟ್ಟು ಹಾರತೈತಿ?”

“ಅಂಗಡ್ಯಾಗ ಎದುರಿಗಿದ್ದವ್ರು ಕಾಣಂಗಿಲ್ರಿ.”

“ಬರೋ ವರ್ಷ ಪೂಜಾ ಬಿಡ್ತೀಯೇನು?”

ನಾನು ಗುಂಡುಗಳಿಗೆ ಅಂಟಿದ್ದ ಅರಿಷಿಣ ಒರೆಸತೊಡಗಿದೆ.

“ಬಿಡಂಗಿಲ್ಲ. ಬಿಡಲೂಬ್ಯಾಡ. ಪೂಜಾ ತಡಕೊಳ್ಳೋವಂಥಾ ಮಷಿನ್ ಮಾಡು, ಬಾ” ಎಂದು ಎದ್ದರು.

ಕರೆದುಕೊಂಡು ಹೋದದ್ದು ಗದಗಿನ ಒಂದು ಹಳೆಯ ಪ್ರೆಸ್ಸಿಗೆ. ಮುದ್ರಣ ನಿಂತು ಎಷ್ಟೋ ಕಾಲವಾಗಿತ್ತು, ಮಷಿನ್ನು ಮಾತ್ರ ಆನೆಯಂತೆ ಕುಳಿತಿತ್ತು. ಇಬ್ಬರೂ ನೆಲಕ್ಕೆ ಮಲಗಿ ಅದರ ಹೊಟ್ಟೆಯ ಕೆಳಗೆ ಬ್ಯಾಟರಿ ಬಿಟ್ಟು ನೋಡಿದೆವು. ಅಚ್ಚಿನ ಮೊಳೆ ಹೊತ್ತ ಭಾರದ ಹಾಸು ಹಿಂದೆ ಮುಂದೆ ಓಡುತ್ತಿದ್ದದ್ದು ಒಂದು ಹಲ್ಲುಪಟ್ಟಿಯ ಮೇಲೆ. ಆ ಹಲ್ಲುಗಳ ಬುಡದಲ್ಲಿ ಕೆಂಪಗೆ ಗಟ್ಟಿಯಾಗಿ ಕುಳಿತಿತ್ತು ಕುಂಕುಮ. “ಮಾಲಕರು ವರ್ಷಾ ಹಚ್ಚತಿದ್ರು. ನಾ ವರ್ಷಾ ಬ್ರಷ್ ಹೊಡೀತಿದ್ದೆ. ಒಂದಿನಾ ನಿಂತಿಲ್ಲ ಇದು” ಎಂದರು ರಹಿಮಾನ್‌ಸಾಬರು. ನಾನು ವಿಡಿಯೋದಲ್ಲಿ ತಿಂಗಳುಗಟ್ಟಲೆ ಹುಡುಕಿದ್ದು ಅಲ್ಲಿ ಅಂಗಾತ ಮಲಗಿದಾಗ ಸಿಕ್ಕಿತು. ಹಲ್ಲುಪಟ್ಟಿ ತಿರುಗುವುದಿಲ್ಲ, ಹಾಗಾಗಿ ಎಷ್ಟುದ್ದವಿದ್ದರೂ ತೂಗಾಡುವುದಿಲ್ಲ. ಬಾಯಿ ತೆರೆದುಕೊಂಡಿರುತ್ತದೆ, ಏನು ಬಿದ್ದರೂ ಬ್ರಷ್ಷಿಗೆ ಸಿಗುತ್ತದೆ. ಗಾಲಿಗೂ ಹಲ್ಲಿಗೂ ನಡುವೆ ಸಡಿಲು ಬರುತ್ತದಲ್ಲ ಎಂದು ನನ್ನ ವಿಡಿಯೋ ಜ್ಞಾನ ತೋರಿಸಿದೆ. “ಗಾಲಿ ಬೆನ್ನಿಗೆ ಒಂದು ಸ್ಪ್ರಿಂಗ್ ಕೊಡು. ಅದು ಒತ್ತಿ ಹಿಡಕೊಂಡಿರ್ತೈತಿ” ಎಂದು ಮುಗಿಸಿಬಿಟ್ಟರು.

ಹುಬ್ಬಳ್ಳಿಯಿಂದ ನಾಲ್ಕು ಫೂಟಿನ ಪಟ್ಟಿಗಳನ್ನು ತಂದೆ. ಕೂಡಿಸಲು ರಹಿಮಾನ್‌ಸಾಬರೇ ಬಸ್ಸು ಹತ್ತಿ ಲಕ್ಷ್ಮೇಶ್ವರಕ್ಕೆ ಬಂದರು. ಎರಡು ಪಟ್ಟಿ ಸೇರುವಲ್ಲಿ ಕೂದಲೆಳೆ ತಪ್ಪಿದರೂ ಗಾಲಿ ಅಲ್ಲಿ ಎಡವುತ್ತದೆ. ಅವರು ಒಂದು ತುಂಡು ಪಟ್ಟಿಯನ್ನು ಬೋರಲಾಗಿ ಆ ಸಂದಿನ ಮೇಲಿಟ್ಟು, ಹಲ್ಲಿಗೆ ಹಲ್ಲು ಕಚ್ಚಿಸಿ, ಆಮೇಲೆ ಬೋಲ್ಟು ಬಿಗಿದರು. ನನ್ನ ಕೈಯಲ್ಲಿ ಪಾನಾ ತಿರುಗುತ್ತಿರಲಿಲ್ಲ, ಎಲ್ಲ ಬೋಲ್ಟನ್ನೂ ಅವರೇ ಬಿಗಿದರು. ಏನಾದರೂ ತೆಗೆದುಕೊಳ್ಳಿ ಎಂದರೆ ಗಿರಿಜಾ ಕಟ್ಟಿಕೊಟ್ಟ ಶೇಂಗಾ ಚಟ್ನಿ ಬಿಟ್ಟು ಬೇರೇನೂ ಮುಟ್ಟಲಿಲ್ಲ.

ಮೊದಲ ಹಲಗೆಯ ಮೇಲೆ ಬಳ್ಳಿ ಹೊರಟಲ್ಲಿಗೇ ಬಂದು ಕೂಡಿದಾಗ ನಾನು ಕುಣಿದಾಡಿದೆ. ರಹಿಮಾನ್‌ಸಾಬರು ಕುಣಿಯಲಿಲ್ಲ. ಅಂಚಿನ ಚೌಕಟ್ಟಿನ ಮೂಲೆಗೆ ಉಗುರು ಹಾಕಿ ನೋಡಿದರು. “ಮೂಲಿ ದುಂಡಗಾಗೇತೆಲ್ಲೊ?”

“ಕೊರಿಯೋ ಬಿಟ್ ದುಂಡಗೈತ್ರಿ ಚಾಚಾ. ಒಳಮೂಲಿ ಅದಕ್ಕ ಆಗಂಗಿಲ್ಲ.”

“ಉಳಿ ಎಲ್ಲೈತಿ?”

“ನನ್ನ ಕೈ...”

“ಇನ್ನೊಂದೈತೆಲ್ಲ. ಬಲಗೈಯಾಗ ಉಳಿ ಸುಮ್ಮನ ಆನಿಸಿ ಹಿಡಿ. ಕೊಡತಿ ಎಡಗೈಗೆ ಕೊಡು.”

ಅಟ್ಟದಿಂದ ಗೋಣಿತಟ್ಟು ಇಳಿಯಿತು. ಮೊದಲ ಏಟು ಹೆಬ್ಬೆರಳಿಗೆ, ಎರಡನೆಯದೂ ಅಲ್ಲಿಗೇ. ಬೆವರು ಹಲಗೆಯ ಮೇಲೆ ತೊಟ್ಟಿಕ್ಕಿತು. ಒಂದು ಮೂಲೆಗೆ ಒಂದು ತಾಸು ಹಿಡಿಯಿತು. ಅವರು ಬಗ್ಗಿ ನೋಡಿ, “ಸೊಟ್ಟ ಐತಿ” ಎಂದರು. ಆಮೇಲೆ, “ಇನ್ನೂ ಮೂರು ಅದಾವ” ಎಂದು ಗಟ್ಟಿಯಾಗಿ ಸ್ಟೂಲಿನ ಮೇಲೆ ಕುಳಿತರು. ನಾಲ್ಕೂ ಮುಗಿಯುವ ತನಕ ಏಳಲಿಲ್ಲ. ಕಡೆಯ ಬಸ್ಸಿಗೆ ಹೋದರು.

ಆ ಮನುಷ್ಯನಿಗೆ ನಾನು ಎಷ್ಟು ಋಣಿ ಎಂದು ನಿಮಗೆ ಹೇಗೆ ಹೇಳಲಿ? ಆಮೇಲೆ ಎಷ್ಟೋ ಬಾಗಿಲು ಹೋದವು, ಕೊರ್ಲಹಳ್ಳಿಗೂ ಒಂದು ಹೋಯಿತು. ಹೋದ ತಿಂಗಳು ರಹಿಮಾನ್‌ಸಾಬರು ಮೊದಲ ಸಲ ನನ್ನಲ್ಲಿ ಏನನ್ನೋ ಕೇಳಿದರು: “ನಮ್ಮ ಮನಿಗೆ ಒಂದು ಬಾಗಲಾ ಮಾಡ್ತೀಯೇನಪಾ?” ನಾನು ಉಬ್ಬಿ, “ಎರಡು ದಿನದಾಗ ಮಷಿನ್ ಮುಗಿಸಿ ಕೊಡ್ತೈತ್ರಿ, ಬಳ್ಳಿ ಯಾವುದು ಬೇಕು?” ಎಂದೆ. “ಬಳ್ಳಿ ಬ್ಯಾಡ” ಎಂದು ಮಡಚಿದ ಕಾಗದ ಕೊಟ್ಟರು. ಸ್ಕೇಲು ಹಿಡಿದು ತಾವೇ ಎಳೆದ ನಕ್ಷತ್ರಗಳು, ಹನ್ನೆರಡು. ಒಂದೊಂದಕ್ಕೂ ಎಂಟು ಚೂಪು ಮೂಲೆ. ಮಷಿನ್ನಿಗೆ ಆಗದ್ದನ್ನೇ ಆರಿಸಿ ಆರಿಸಿ ಇಟ್ಟಿದ್ದಾರೆ! ತಲೆ ಎತ್ತಿ ನೋಡಿದರೆ ಅವರು ಬೇರೆ ಕಡೆ ನೋಡುತ್ತಿದ್ದರು. “ಮಷಿನ್ ಗೆರಿ ಹಾಕಲಿ. ಉಳದದ್ದು ನಿಂದು. ನನಗೇನೂ ಗಡಿಬಿಡಿ ಇಲ್ಲ” ಎಂದರು.

ತೊಂಬತ್ತಾರು ಮೂಲೆ. ಇವತ್ತಿಗೆ ಮೂವತ್ತೊಂದು ಮುಗಿದಿವೆ. ಮೊದಲಿನ ಆರೇಳು ಕಣ್ಣಿಗೆ ಕಾಣುವಷ್ಟು ಸೊಟ್ಟ. ತಿದ್ದಲೇ ಎಂದು ಫೋನಿನಲ್ಲಿ ಕೇಳಿದರೆ, “ಇರ್ಲಿ ಬಿಡು, ಅವು ನನ್ನವು” ಎಂದಿದ್ದಾರೆ. ನೀವು ಇನ್ನೂ ಕುಳಿತಿರುವುದಾದರೆ ಕುಳಿತಿರಿ. ನಾನು ಮೂವತ್ತೆರಡನೆಯದಕ್ಕೆ ಉಳಿ ಆನಿಸುತ್ತೇನೆ.