ಓದದೆ ಕತ್ತರಿಸಿದ ಪ್ಯಾರಾ

ತೊಂಬತ್ತರ ದಶಕದ ಮಧ್ಯದಲ್ಲಿ ಹುಬ್ಬಳ್ಳಿಯ ಒಂದು ಪತ್ರಿಕೆಯಲ್ಲಿ ವಾರದ ಆರೋಗ್ಯ ಪುಟ ನನ್ನ ಪಾಲಿಗಿತ್ತು. ಒಮ್ಮೆ ಡಾಕ್ಟರೊಬ್ಬರು ಲಕ್ವದ ಬಗ್ಗೆ ಲೇಖನ ಕೊಟ್ಟರು. ಪುಟ ಕಟ್ಟುವ ಹೊತ್ತಿಗೆ ಸೀರೆ ಅಂಗಡಿಯ ಜಾಹೀರಾತು ಬಂದು ಹನ್ನೆರಡು ಸಾಲು ಹೆಚ್ಚಾದವು. ಸುದ್ದಿಯಲ್ಲಿ ಮುಖ್ಯವಾದದ್ದು ಮೇಲಿರುತ್ತದೆ, ಕೆಳಗಿನಿಂದ ಕತ್ತರಿಸಿದರೆ ನಷ್ಟವಿಲ್ಲ ಎಂಬುದು ನಮ್ಮ ಡೆಸ್ಕಿನ ರೂಢಿ. ಕೊನೆಯ ಪ್ಯಾರಾವನ್ನು ಓದದೆ ಬ್ಲೇಡಿನಿಂದ ತೆಗೆದೆ. ಮೊದಲ ದಿನ ದಾಟುವುದು ಬಹಳ ಮುಖ್ಯ ಎಂಬಲ್ಲಿಗೆ ಲೇಖನ ನಿಂತಿತು.

ತಿಂಗಳೊಳಗೆ ನನ್ನ ತಂದೆಯ ತಮ್ಮನಿಗೆ ಲಕ್ವ ಹೊಡೆಯಿತು. ಕಾಕಾನದು ದುರ್ಗದಬೈಲಿನಲ್ಲಿ ಪಾತ್ರೆ ಅಂಗಡಿ. ಗಿರಾಕಿಯನ್ನು ಮಾತಿನಲ್ಲೇ ಹಿಡಿದು ಕೂರಿಸುವ ಮನುಷ್ಯ. ನನ್ನನ್ನು ಕಂಡರೆ ಎಲ್ಲರಿಗೂ ಕೇಳುವಂತೆ, "ಬರ್ರಿ ಪೇಪರ್ ಸಾಹೇಬ್ರ, ಇವತ್ತ ಏನ್ ಸುಳ್ಳು ಬರದ್ರಿ?" ಎನ್ನುತ್ತಿದ್ದರು. ಈಗ ಬಲಗೈ ಸೋತಿತ್ತು. ನಾಲಿಗೆ ತೊದಲುತ್ತಿತ್ತು, ಆದರೆ ಮಾತಿತ್ತು. ಎರಡನೆಯ ದಿನ ಸುಧಾರಿಸಿದಂತೆ ಕಂಡಾಗ ಮನೆಯವರು ಹಟ ಮಾಡಿ ಆಸ್ಪತ್ರೆಯಿಂದ ಕರೆತಂದರು. ನಾನೂ ಬೇಡ ಎನ್ನಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಅವರ ಹೆಂಡತಿ, ನಮ್ಮ ಕಾಕು, ಆಫೀಸಿಗೆ ಫೋನ್ ಮಾಡಿದರು.

"ತಮ್ಮಾ, ಮುಂಜಾನಿಂದ ಬರೇ ನಿದ್ದಿ ಮಾಡಾಕತ್ತಾರ. ಎಬ್ಬಿಸಿದ್ರ ಹೂಂ ಅಂತಾರ, ಮತ್ತ ಕಣ್ಣ ಮುಚ್ಚತಾರ. ಡಾಕ್ಟರ್‌ಗೆ ತೋರಸೂಣೇನು?"

"ಮೊದಲನೇ ದಿನಾ ದಾಟೇತಲ್ರಿ ಕಾಕು. ದಣದಾರ, ಮಲಕೊಳ್ಳಲಿ ಬಿಡ್ರಿ."

ಆರೋಗ್ಯದ ಪುಟ ಮಾಡುವವನ ಮಾತೆಂದು ನಂಬಿದರು.

ಮರುದಿನ ಬೆಳಿಗ್ಗೆ ಎಷ್ಟು ಅಲುಗಾಡಿಸಿದರೂ ಕಾಕಾ ಏಳಲಿಲ್ಲ. ಆಸ್ಪತ್ರೆಯಲ್ಲಿ ಅವರನ್ನು ನೋಡಿದವರು ಆ ಲೇಖನದ ಡಾಕ್ಟರೇ. ಕಾಕುವಿಗೆ ನಿಧಾನವಾಗಿ ವಿವರಿಸಿದರು. ರಕ್ತ ಸಿಗದೆ ಮಿದುಳಿನ ಒಂದು ಭಾಗ ಸತ್ತಾಗ, ಗಾಯವಾದಲ್ಲಿಗೆ ಧಾವಿಸುವ ನಮ್ಮದೇ ರಕ್ಷಣಾ ಕಣಗಳು ಅದನ್ನು ತೆರವು ಮಾಡಲು ಅಲ್ಲಿ ಸೇರುತ್ತವೆ. ಅವು ಹೊರಬಿಡುವ ರಾಸಾಯನಿಕಗಳಿಂದ ಪಕ್ಕದ ಜೀವಂತ ಭಾಗವೂ ಕೆಡುತ್ತದೆ, ಬಾವು ಏರುತ್ತದೆ. ತಲೆಬುರುಡೆಯೊಳಗೆ ಊದಿಕೊಳ್ಳಲು ಜಾಗವೆಲ್ಲಿ? ಎರಡನೆಯ ದಿನದಿಂದ ಐದನೆಯ ದಿನದವರೆಗೆ ಈ ಅಪಾಯ ಹೆಚ್ಚು, ಮಂಪರು ಅದರ ಗುರುತು. ಇಷ್ಟು ಹೇಳಿ ನನ್ನ ಕಡೆ ತಿರುಗಿದರು.

"ಇದನ್ನ ಕಡೀ ಪ್ಯಾರಾದಾಗ ಬರದಿದ್ದೆನಲ್ರಿ?"

"ಜಾಗಾ ಇರಲಿಲ್ರಿ," ಎಂದೆ. ಕಾಕು ನನ್ನನ್ನೇ ನೋಡುತ್ತಿದ್ದರು.

ಕಾಕಾ ಉಳಿದರು. ಮಾತು ಉಳಿಯಲಿಲ್ಲ. ಹಿಂದಿನ ಮಧ್ಯಾಹ್ನವೇ ಕರೆತಂದಿದ್ದರೆ ಏನಾಗುತ್ತಿತ್ತು ಎಂದು ಡಾಕ್ಟರನ್ನು ಕೇಳುವ ಧೈರ್ಯ ನನಗಾಗಲಿಲ್ಲ.

ಕಾಕು ಬೈಯಲಿಲ್ಲ. "ಆ ಬಿಟ್ಟದ್ದನ್ನ ಮುಂದಿನ ವಾರಾರ ಹಾಕಪಾ. ಮತ್ತೊಬ್ಬರ ಮನ್ಯಾಗ ಹಿಂಗಾಗೂದ ಬ್ಯಾಡ," ಎಂದರು. ಒಪ್ಪಿಕೊಂಡೆ, ಆದರೆ ಹಾಕಲಿಲ್ಲ. ಯಾರದಾದರೂ ಹೆಸರು ತಪ್ಪಾದರೆ ನಾವು ತಿದ್ದುಪಡಿ ಹಾಕುತ್ತಿದ್ದೆವು. ಇಲ್ಲಿ ಅಚ್ಚಾದದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹಾಕಿದರೆ, ಮೊದಲು ಏಕೆ ಬಿಟ್ಟಿರಿ ಎಂದು ಯಾರಾದರೂ ಕೇಳುತ್ತಾರೆಂಬ ಹೆದರಿಕೆಯೇ ಖರೆ ಕಾರಣ. ಎರಡು ವಾರ ಬಿಟ್ಟು ಕಾಕು ಮತ್ತೆ ವಿಚಾರಿಸಿದಾಗ, ಸಂಪಾದಕರು ಒಪ್ಪಲಿಲ್ಲ ಎಂದೆ. ಸಂಪಾದಕರನ್ನು ನಾನು ಕೇಳಿಯೇ ಇರಲಿಲ್ಲ.