ಟಾವೆಲ್ ಕೆಳಗಿನ ನಿಂಬೆ ಲಿಲಾವು

ನನ್ನ ಮೊಮ್ಮಗ ಗೆದ್ದ! ಇಂಡಿ ಊರಿನ ಪೇಟೆಯಲ್ಲಿ ಅವನೇ ನಿಂತು ನಡೆಸಿದ ಮೊದಲ ಲಿಲಾವಿನಲ್ಲಿ, ಅಂದರೆ ಹರಾಜಿನಲ್ಲಿ, ನಮ್ಮೂರ ನಿಂಬೆ ಒಂದು ರಾಶಿಯೂ ಉಳಿಯದೆ ಮಾರಿತು. ಸಿಕ್ಕವರಿಗೆಲ್ಲ ಹೇಳಿದ್ದೇನೆ, ಸಾಕು ಅಂದವರಿಗೆ ಎರಡು ಸಲ ಹೇಳಿದ್ದೇನೆ. ಮೂರನೇ ಇಯತ್ತೆಗೆ ಸಾಲಿ ಬಿಟ್ಟ ನಾನು ಬರೆಯಲು ಕೂತಿದ್ದೂ ಅದಕ್ಕೇ.

ಇದೇ ಎಪ್ಪತ್ತೈದನೇ ಇಸವಿಯ ಬೇಸಿಗೆಯ ಮಾತು. ಅಲ್ಲಿಯವರೆಗೆ ಪೇಟೆಯಲ್ಲಿ ದಲಾಲಿಯದೇ ಆಟ. ಒಂದೊಂದು ರಾಶಿಗೂ ಅವನು ಕೊಳ್ಳುವವರ ಕೈಯನ್ನು ಟಾವೆಲ್ ಕೆಳಗೆ ಹಿಡಿಯುತ್ತಿದ್ದ, ಅವರು ಬೆರಳು ಒತ್ತಿ ದರ ಹೇಳುತ್ತಿದ್ದರು. ಯಾರು ಎಷ್ಟು ಒತ್ತಿದರೆಂದು ಬೆಳೆದವರಿಗೆ ತಿಳಿಯುತ್ತಿರಲಿಲ್ಲ. ಮಾಲೆಲ್ಲ ಕೊನೆಗೆ ಲಾರಿ ಇಟ್ಟುಕೊಂಡಿದ್ದ ಒಬ್ಬ ಸಾವಕಾರನಿಗೇ, ಅವನು ಹೇಳಿದ ದರಕ್ಕೇ. ಹೊಸದಾಗಿ ಮದುವೆಯಾಗಿದ್ದ ಮೊಮ್ಮಗ ಲಿಲಾವು ತಾನೇ ನಡೆಸುತ್ತೇನೆಂದು ಊರ ಹಿರಿಯರ ಮುಂದೆ ಹಟ ಹಿಡಿದ. ಒಂದು ಸಂತೆಯ ಮಟ್ಟಿಗೆ ಒಪ್ಪಿದರು. ಮಾಲು ಉಳಿಯಿತೋ, ದಲಾಲಿ ಮರಳಿ ಬರುತ್ತಾನೆ, ಇವನು ಊರಲ್ಲಿ ತಲೆ ಎತ್ತುವಂತಿಲ್ಲ.

ಅಂದು ಮುಂಜಾನೆ ಎಲೆ ಅಲುಗುವಷ್ಟೂ ಗಾಳಿ ಇರಲಿಲ್ಲ. ಸಾವಕಾರನ ಲಾರಿ ಪೇಟೆಯ ಬಾಗಿಲಿಗೆ ಅಡ್ಡ ನಿಂತಿತ್ತು.

“ಇವತ್ತ ಟಾವೆಲ್ ಇಲ್ರಿ. ಬಾಯಿಲೇ ಕೂಗ್ರಿ, ಎಲ್ಲಾರೂ ಕೇಳ್ಲಿ,” ಎಂದ ಮೊಮ್ಮಗ. ಮೊದಲು ರಾಶಿಗೊಂದು ದರ, ಆಮೇಲೆ ಎಲ್ಲ ರಾಶಿ ಸೇರಿಸಿ ಒಂದು ದರ. ಬಿಡಿ ದರಗಳ ಮೊತ್ತ, ಒಟ್ಟು ದರ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಮಾಲು. ಲಾರಿ ತುಂಬಬೇಕಾದವನಿಗೂ ದಾರಿ, ಒಂದೇ ರಾಶಿ ಸಾಕೆನ್ನುವವರಿಗೂ ದಾರಿ.

ಯಾರೂ ಕೂಗಲಿಲ್ಲ. ಸಿಂದಗಿಯ ಉಪ್ಪಿನಕಾಯಿಯವಳು, ಮುದ್ದೇಬಿಹಾಳದ ಶರಬತ್ತಿನವ, ಬಾಗೇವಾಡಿಯ ಖಾನಾವಳಿಯವ, ಎಲ್ಲರೂ ರಾಶಿ ನೋಡುವರು, ಸಾವಕಾರನನ್ನು ನೋಡುವರು, ನೆಲ ನೋಡುವರು.

“ಏನೋ ತಮ್ಮಾ, ನಿನ್ನ ಲಿಂಬಿಗಿ ಯಾರರೆ ಮಾಟ ಮಾಡ್ಸ್ಯಾರೇನು?” ದಲಾಲಿ ಬೇವಿನ ಮರದಡಿಯಿಂದ ನಕ್ಕ. ಸಾವಕಾರ ನಗಲಿಲ್ಲ. ಎಲ್ಲ ರಾಶಿಗೂ ಸೇರಿಸಿ ಮೆಲ್ಲಗೆ ಒಂದು ದರ ಹೇಳಿದ. ಗಿಡದಿಂದ ಕಾಯಿ ಹರಿದ ಕೂಲಿಗೂ ಸಾಲದ ದರ.

ಮೊಮ್ಮಗ ಬಂದು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತ. “ಆಯಿ, ತಪ್ಪಿದ್ನಿ. ಬಯಲಾಗ ಮೊದಲ ಬಾಯಿ ತಗದಾವನ ಮ್ಯಾಲ ಸಾವಕಾರನ ಕಣ್ಣ ಬೀಳ್ತೈತಿ. ಎಲ್ಲಾರೂ ಒಮ್ಮಿಗೇ ತಗದ್ರ ಎಷ್ಟ ಮಂದೀನ ನುಂಗ್ಯಾನು? ನಿನ್ನ ತಲಿಮ್ಯಾಲಿನ ಸಿಂಬಿ ಬಿಚ್ಚಿ ಆ ಟಾವೆಲ್ ಕೊಡ.”

“ಮತ್ತ ಅದ ಕಳ್ಳಾಟೇನೋ ಯಪ್ಪಾ?”

“ಅಲ್ಲ. ಎಲ್ಲಾರ ಬೆರಳ ಮುಗದ ಮ್ಯಾಲ ಎಲ್ಲಾ ದರಾ ಒದರಿ ಹೇಳ್ತೇನಿ.”

ಊರ ಹಿರಿಯನೊಬ್ಬನ ಕೈಯನ್ನೂ ಜೊತೆಗೆ ಟಾವೆಲ್ ಕೆಳಗೆ ಇಟ್ಟುಕೊಂಡು ಒಬ್ಬೊಬ್ಬರ ಬಳಿಗೂ ಹೋದ. ಒತ್ತಿದ ಬೆರಳಿಗೆ ಈಗ ಇಬ್ಬರು ಸಾಕ್ಷಿ. ಸಾವಕಾರ ಆಕಳಿಸುತ್ತ ಅದೇ ಹಳೆಯ ದರ ಒತ್ತಿದ. ತನಗೆ ಎದುರು ಬೀಳುವವರು ಯಾರು ಎಂಬ ಧೈರ್ಯ.

ಮೊಮ್ಮಗ ರಾಶಿ ರಾಶಿಗೂ ಬಂದ ದರ ಒದರಿದ, ಹೆಚ್ಚಿನವನ್ನೆಲ್ಲ ಕೂಡಿಸಿ ಹೇಳಿದ. ಸಾವಕಾರನ ದರ ಅದರ ಹತ್ತಿರಕ್ಕೂ ಬರಲಿಲ್ಲ. ನಾನು ಖುಷಿಗೆ ಕೂಗಿಬಿಟ್ಟೆ.

ಸಾವಕಾರ ಉಪ್ಪಿನಕಾಯಿಯವಳ ಮುಂದೆ ಬಂದು ನಿಂತ. “ಒಯ್ರಿ. ಹ್ಯಾಂಗ ಒಯ್ತೀರಿ ನಾನೂ ನೋಡ್ತೇನಿ.”

“ತಲಿಮ್ಯಾಲ ಹೊತ್ತ ಒಯ್ತೇನ್ರಿ ಸಾವಕಾರ್ರ. ಮೊದಲ ನಿಮ್ಮ ಲಾರಿ ಸರಸ್ರಿ.”

ಲಾರಿ ಸರಿಯಿತು, ಚೆಲ್ಲಿದ್ದ ಕಾಯಿಗಳ ಮೇಲೆ ಗಾಲಿ ಹಾಯಿಸಿಕೊಂಡು, ಬಲು ನಿಧಾನವಾಗಿ. ಕೊಂಡವರು ಕೂಡಿ ಮಾಲು ಒಯ್ಯಲು ಟೆಂಪೋ ಬಾಡಿಗೆಗೆ ಹಿಡಿದರು.

ಹಿರಿಯರು ಸಂಜೆ ಮನೆಗೇ ಬಂದು “ಮುಂದಿನ ಸಂತಿಗೂ ನೀನ ನಿಂದರಬೇಕೋ” ಎಂದು ಹೇಳಿ ಹೋದರು. ಊಟಕ್ಕೆ ಕೂತಾಗ ಮೊಮ್ಮಗ ರೊಟ್ಟಿ ಮುರಿದ, ಬಾಯಿಗಿಡಲಿಲ್ಲ.

“ಮುಂದಿನ ಸಲ ಸಾವಕಾರ ರೊಕ್ಕಾ ಕೊಟ್ಟ ಎಲ್ಲಾರ ಬೆರಳೂ ಮೊದಲ ಖರೀದಿ ಮಾಡಿ ಬರ್ತಾನ, ಆಯಿ.”

ಅವನ ಮುತ್ಯಾ, ನನ್ನ ಯಜಮಾನರು, ತುತ್ತು ಕೆಳಗಿಟ್ಟರು. ಮಗ, ಸೊಸೆ, ಮೊಮ್ಮಗನ ಹೆಂಡತಿ ಎಲ್ಲರೂ ನನ್ನ ಮುಖ ನೋಡಿದರು.

“ಬರ್ಲಿ. ನೀ ಉಣ್ಣು, ನನ್ನಪ್ಪಾ,” ಅಂದೆ. ಅವನ ತಾಟಿಗೆ ಬದನೆಕಾಯಿ ಪಲ್ಯೆ ಇನ್ನಷ್ಟು ಹಾಕಿ ನಾನೂ ಅವರ ನಡುವೆ ಕೂತೆ. ಎಲ್ಲರೂ ಉಂಡೆವು.