ಅಳತೆ ಬರೆದ ಚೀಟಿ

ಮರಳೂರಿನ ನಮ್ಮ ಮನೆಯಲ್ಲಿ ಹಾಲ್ ಕಿಟಕಿಯ ಹಿಡಿ ಮುರಿದಿತ್ತು. ಹಗ್ಗದಲ್ಲಿ ಕಟ್ಟಿದ್ದೆವು. ಹಗ್ಗ ಸಡಿಲವಾದರೆ ಸರಳುಗಳ ನಡುವೆ ಕೋತಿಗಳು ನುಸುಳುತ್ತವೆ, ಹಗಲು ಮನೆಯಲ್ಲಿರುವುದು ಅಜ್ಜಿ ಒಬ್ಬರೇ. ಹಿಡಿಯ ಉದ್ದ, ಸ್ಕ್ರೂ ತೂತುಗಳ ಅಂತರ ಎಲ್ಲವನ್ನೂ ಬರೆದುಕೊಂಡು ಶಿರಾ ಗೇಟಿನ ಹಾರ್ಡ್‌ವೇರ್ ಅಂಗಡಿಗೆ ಹೋದೆ.

ಅಂಗಡಿಯವನು ಚೀಟಿ ಓದದೆ ಪಕ್ಕಕ್ಕೆ ತಳ್ಳಿದ. "ಇದೆಲ್ಲ ಬೇಡ ಕಣಪ್ಪ, ಸ್ಯಾಂಪಲ್ ತಾ."

ಮುರಿದ ಹಿಡಿ ಕೊಟ್ಟೆ.

"ಮುರಿದಿರೋದ್ರಲ್ಲಿ ಏನ್ ಗೊತ್ತಾಗುತ್ತೆ? ಚೆನ್ನಾಗಿರೋದನ್ನ ಬಿಚ್ಕೊಂಡ್ ಬಾ."

"ಅಳತೆ ಸರಿಯಾಗಿದೆ, ಎರಡು ಸಲ ನೋಡಿದೀನಿ."

"ಓದಿರೋರೆಲ್ಲ ಹಿಂಗೇ ಅಂತೀರ. ಆಮೇಲೆ ಕೂರಲ್ಲ ಅಂತ ವಾಪಸ್ ತರ್ತೀರ."

ಬಿಸಿಲಲ್ಲಿ ಮನೆಗೆ ಬಂದು, ಅಡುಗೆಮನೆ ಕಿಟಕಿಯ ಹಿಡಿ ಬಿಚ್ಚಿಕೊಂಡು ಮತ್ತೆ ಹೋದೆ. ಆತ ಡ್ರಾಯರಿನಿಂದ ಸ್ಟೀಲ್ ಸ್ಕೇಲ್ ತೆಗೆದು ಅದನ್ನು ಅಳೆದ. ತೂತಿನಿಂದ ತೂತಿಗೆ ನಲವತ್ತಮೂರು ಮಿಲಿಮೀಟರ್. ಪಕ್ಕದಲ್ಲೇ ಬಿದ್ದಿದ್ದ ನನ್ನ ಚೀಟಿಯಲ್ಲೂ ಅದೇ ಇತ್ತು.

"ಇದನ್ನೇ ಅಲ್ವೇನ್ರೀ ನಾನು ಬರ್ಕೊಂಡ್ ಬಂದಿದ್ದು?" ಎಂದು ಕೂಗಿಬಿಟ್ಟೆ.

"ಈಗ ಕನ್ಫರ್ಮ್ ಆಯ್ತಲ್ಲ, ಯಾಕಪ್ಪ ರೇಗ್ತೀಯ?" ಎನ್ನುತ್ತಾ ಹೊಸ ಹಿಡಿ ತೆಗೆದುಕೊಟ್ಟ.

ಮನೆಗೆ ಬಂದರೆ ಅಡುಗೆಮನೆಯಲ್ಲಿ ಬೆಲ್ಲದ ಡಬ್ಬಿ ಬೋರಲು ಬಿದ್ದಿತ್ತು. ಅಜ್ಜಿ ಪೊರಕೆ ಹಿಡಿದು ಏದುಸಿರು ಬಿಡುತ್ತಾ ನಿಂತಿದ್ದರು. "ನೆಟ್ಟಗಿದ್ದ ಹಿಡೀನೂ ಯಾಕ್ಲಾ ಕಿತ್ಕೊಂಡ್ ಹೋದೆ? ಮೂರು ಕೋತಿ ನುಗ್ಗಿದ್ವು ಕಣೋ!"

ಮೈಯೆಲ್ಲ ಉರಿಯುತ್ತಿತ್ತು. ಹಿಡಿಗಳನ್ನು ಕೂರಿಸಲು ಹೊರಟೆ. ಸ್ಕ್ರೂಗಳನ್ನು ಅಂಗಡಿಯವನು ಕಾಗದದಲ್ಲಿ ಪೊಟ್ಟಣ ಕಟ್ಟಿ ಕೊಟ್ಟಿದ್ದ. ಬಿಚ್ಚಿದರೆ, ಅದು ನನ್ನದೇ ಚೀಟಿ. ಅಂತೂ ಆತನಿಗೆ ಅದು ಉಪಯೋಗಕ್ಕೆ ಬಂದಿತ್ತು.